ಹುಲ್ಲಿಗೆ ಯಾರು ಕಾವಲು?

ಕೆಲವು ವರ್ಷಗಳ ಹಿಂದೆ ಒಂದು ಗುಂಪಿನ ಜೊತೆ ಗಿಡ ನೆಡಲು ಹೋಗಿದ್ದೆ. ಮೊಣಕಾಲೆತ್ತರ ಹುಲ್ಲು ಬೆಳೆದ ಒಂದು ಇಳಿಜಾರು. ಮರ ಒಂದೂ ಇರಲಿಲ್ಲ. ಮಳೆ ಆಗ ತಾನೇ ನಿಂತಿತ್ತು. ಕೈಗೆ ಗುದ್ದಲಿ ಕೊಟ್ಟು, ಇಷ್ಟಿಷ್ಟು ದೂರಕ್ಕೆ ಒಂದೊಂದು ಗುಂಡಿ ತೆಗೆಯಿರಿ ಅಂದರು. ಖುಷಿಯಿಂದಲೇ ತೆಗೆದೆ. ಬೋಳು ಜಾಗ, ಇನ್ನು ನೆರಳು ಬರುತ್ತದೆ, ಹಕ್ಕಿ ಬರುತ್ತವೆ ಅಂದುಕೊಂಡಿದ್ದೆ.

ಆದರೆ ಆ ನೆಲ ಅಗೆಯಲು ಬಗ್ಗುತ್ತಿರಲಿಲ್ಲ. ಗುದ್ದಲಿ ಮಣ್ಣಿಗಿಂತ ಮೊದಲು ಬೇರಿಗೆ ತಾಗುತ್ತಿತ್ತು. ಒಂದು ಬುಡ ಕಿತ್ತು ನೋಡಿದರೆ ಕೆಳಗೆ ಬೇರುಗಳು ಕಂಬಳಿಯ ಹಾಗೆ ಹೆಣೆದುಕೊಂಡಿದ್ದವು. ಎಷ್ಟು ಕೊಡವಿದರೂ ಮಣ್ಣು ಉದುರಲಿಲ್ಲ. ಆ ಹಸಿ ವಾಸನೆ ಸಂಜೆವರೆಗೂ ಕೈಯಲ್ಲೇ ಇತ್ತು. ನಡುವೆ ಒಮ್ಮೆ ಮಣ್ಣಿನ ಬಣ್ಣದ ಪುಟ್ಟ ಹಕ್ಕಿಯೊಂದು ಕಾಲ ಬಳಿಯಿಂದಲೇ ಎದ್ದು ಹಾರಿತು. ಅದು ಎಲ್ಲಿಂದ ಎದ್ದಿತು ಎಂದು ಬಗ್ಗಿ ನೋಡಲಿಲ್ಲ. ಈಗ ನನ್ನನ್ನು ಜಾಸ್ತಿ ಕಾಡುವುದು ಅದೇ.

ಆ ದಿನ ನನ್ನ ತಲೆಯಲ್ಲಿದ್ದ ಪದ ‘ಬೋಳು’. ಬೇರೊಂದು ಪದ ನನ್ನ ಭಾಷೆಯಲ್ಲೇ ಇತ್ತು, ನಾನು ಅದನ್ನು ಕಿವಿಗೊಟ್ಟು ಕೇಳಿರಲಿಲ್ಲ. ಹುಲ್ಲುಗಾವಲು. ಹುಲ್ಲು, ಕಾವಲು. ಸಂಧಿ ಬಿಡಿಸಿದರೆ ಅಷ್ಟೇ. ಕಾಯ್ದಿಟ್ಟ ಹುಲ್ಲು. ದನ ಮೇಯಲೆಂದು ಕಾದಿರಿಸಿದ ನೆಲ ಎನ್ನುವುದು ಅದರ ಮೊದಲ ಅರ್ಥ ನಿಜ. ಆದರೆ ಈ ಪದ ನನಗೆ ಒಂದು ಪ್ರಶ್ನೆಯಾಗಿ ಉಳಿದುಬಿಟ್ಟಿತು. ಭೂಮಿಯ ಮೇಲೆ ಇಷ್ಟೊಂದು ಹುಲ್ಲು ಇದೆಯಲ್ಲ, ಅದನ್ನು ಯಾರು ಕಾಯುತ್ತಿದ್ದಾರೆ? ಮರಗಳು ಬಂದು ತುಂಬಿಕೊಳ್ಳದ ಹಾಗೆ ತಡೆದಿರುವುದು ಯಾರು? ಆಮೇಲೆ ಓದುತ್ತಾ ಹೋದಂತೆ ಒಂದು ವಿಷಯ ತಿಳಿಯಿತು. ಹುಲ್ಲುಗಾವಲು ಒಂದು ಜಾತಿಯದಲ್ಲ. ಒಂದೊಂದಕ್ಕೂ ಬೇರೆ ಬೇರೆ ಕಾವಲುಗಾರ.

ಮೊದಲು ಹುಲ್ಲಿನ ಮೈಯನ್ನೇ ನೋಡಬೇಕು. ಹೆಚ್ಚಿನ ಗಿಡಗಳು ತುದಿಯಲ್ಲಿ ಚಿಗುರುತ್ತವೆ. ತುದಿ ಚಿವುಟಿದರೆ ಅಲ್ಲಿಗೆ ಆ ಕೊಂಬೆಯ ಬೆಳವಣಿಗೆ ನಿಂತಿತು. ಹುಲ್ಲು ಹಾಗಲ್ಲ. ಅದು ಬೆಳೆಯುವ ಜಾಗ ಬುಡದಲ್ಲಿದೆ, ನೆಲಕ್ಕೆ ಅಂಟಿಕೊಂಡು. ಎಲೆ ಕೆಳಗಿನಿಂದ ಮೇಲಕ್ಕೆ ತಳ್ಳಿಕೊಂಡು ಬರುತ್ತದೆ. ಅದಕ್ಕೇ ದನ ಮೇಯ್ದರೂ, ಕುಡುಗೋಲು ಬಿದ್ದರೂ, ಬೆಂಕಿ ಹಾದುಹೋದರೂ ಅದು ಮತ್ತೆ ಬರುತ್ತದೆ. ಅದೇ ಜಾಗದಲ್ಲಿ ಮೊಳೆತ ಮರದ ಸಸಿಗೆ ಆ ಭಾಗ್ಯವಿಲ್ಲ. ಅದರ ಚಿಗುರು ಮೇಲೆ, ಬಾಯಿಗೂ ಬೆಂಕಿಗೂ ಎಟಕುವ ಎತ್ತರದಲ್ಲಿದೆ. ಅಂದರೆ ತನ್ನನ್ನು ತಿನ್ನುವವರೇ ಹುಲ್ಲಿಗೆ ನೆರವು. ಹುಲ್ಲನ್ನು ಸ್ವಲ್ಪ ನೋಯಿಸುವುದು ಮರವನ್ನು ಪೂರ್ತಿ ಸೋಲಿಸುತ್ತದೆ.

ಹಾಗಂತ ಹುಲ್ಲು ಸುಮ್ನೆ ಮೇಯಿಸಿಕೊಳ್ಳುವುದೂ ಇಲ್ಲ. ಹುಲ್ಲಿನ ಅಂಚು ಬೆರಳು ಕೊಯ್ದ ಅನುಭವ ಎಲ್ಲರಿಗೂ ಇರುತ್ತದೆ, ಅಲ್ವಾ? ಎಲೆಯೊಳಗೆ ಸಿಲಿಕಾದ ಸಣ್ಣ ಸಣ್ಣ ಕಣಗಳಿವೆ. ಗಾಜಿನ ಜಾತಿಯ ವಸ್ತು. ಅದನ್ನು ದಿನವಿಡೀ ಅಗಿದರೆ ಹಲ್ಲು ಸವೆಯುತ್ತದೆ. ಕುದುರೆಯ ಪೂರ್ವಜರು ಚಿಕ್ಕ ಹಲ್ಲಿನ, ಮೆತ್ತನೆ ಎಲೆ ತಿನ್ನುವ ಪ್ರಾಣಿಗಳಾಗಿದ್ದವು. ಬಯಲು ಹರಡಿ, ಹುಲ್ಲೂ ಅದರ ಜೊತೆಗಿನ ಮಣ್ಣಿನ ಧೂಳೂ ಬಾಯಿಗೆ ಬರತೊಡಗಿದ ಮೇಲೆ ಅವಕ್ಕೆ ಎತ್ತರದ, ಎಷ್ಟೋ ವರ್ಷ ಸವೆಯುತ್ತಲೇ ಇರಬಲ್ಲ ಹಲ್ಲು ಬಂತು. ಈ ಸಿಲಿಕಾ ಕಣಗಳು ಕೊಳೆಯುವುದಿಲ್ಲ. ಮಹಾರಾಷ್ಟ್ರದ ಪಿಸ್ದುರಾ ಎಂಬಲ್ಲಿ ಸಿಕ್ಕ ಡೈನೋಸಾರ್‌ಗಳ ಕಲ್ಲಾದ ಲದ್ದಿಯಲ್ಲಿ ಇವು ಸಿಕ್ಕವು. 2005ರಲ್ಲಿ ಅದು ಪ್ರಕಟವಾದಾಗ ಒಂದು ಹಳೆಯ ತಿಳಿವಳಿಕೆ ಬದಲಾಯಿತು. ಡೈನೋಸಾರ್‌ಗಳ ಕಾಲಕ್ಕೆ ಹುಲ್ಲು ಹುಟ್ಟಿರಲೇ ಇಲ್ಲ ಎಂದು ಅದುವರೆಗೆ ಹೆಚ್ಚಿನವರು ಅಂದುಕೊಂಡಿದ್ದರು. ಆರೂವರೆ ಕೋಟಿ ವರ್ಷಗಳ ಹಿಂದೆಯೇ ಹುಲ್ಲು ಇತ್ತು. ಆದರೆ ಅದು ಬಯಲುಗಳನ್ನು ಹಿಡಿದದ್ದು ಬಹಳ ತಡವಾಗಿ. ಬಿಸಿ ನಾಡುಗಳ ಹುಲ್ಲು ದೊಡ್ಡದಾಗಿ ಹರಡಿದ್ದು ಕಳೆದ ಎಂಬತ್ತು ಲಕ್ಷ ವರ್ಷಗಳಲ್ಲಿ. ಇಷ್ಟು ಹೊತ್ತು ಮೂಲೆಯಲ್ಲಿ ಕಾದು ಕೂತಿದ್ದ ಗಿಡ ಇದು.

ಇನ್ನು ಹೆಸರುಗಳು. ಲೋಕದ ಭಾಷೆಗಳು ಹುಲ್ಲು ನೆಲಕ್ಕೆ ಇಟ್ಟ ಹೆಸರುಗಳನ್ನು ನಾನೊಮ್ಮೆ ಬರೆದು ಇಟ್ಟುಕೊಂಡಿದ್ದೆ. ಪಾಂಪಾ ಎಂದರೆ ದಕ್ಷಿಣ ಅಮೆರಿಕದ ಕೆಚುವಾ ಭಾಷೆಯಲ್ಲಿ ಸಮತಟ್ಟು ನೆಲ. ಯಾನೋಸ್ ಎಂದರೆ ಸ್ಪ್ಯಾನಿಷ್‌ನಲ್ಲಿ ಅದೇ. ದಕ್ಷಿಣ ಆಫ್ರಿಕಾದ ವೆಲ್ಡ್ ಎಂದರೆ ಹೊಲ, ಬಯಲು. ಪ್ರೇರಿ ಎಂಬುದು ಫ್ರೆಂಚರ ಪದ. ತಮ್ಮ ಊರಿನ ಹುಲ್ಲುತೋಟಕ್ಕೆ ಹೇಳುತ್ತಿದ್ದ ಮಾತನ್ನು ಉತ್ತರ ಅಮೆರಿಕದ ಆ ಕಡಲಿನಂಥ ಬಯಲಿಗೆ ಅಂಟಿಸಿದರು. ಸವನ್ನಾ ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳ ಮಾತಿನಿಂದ ಬಂದದ್ದು, ಮರವಿಲ್ಲದ ಬಯಲು ಎಂಬ ಅರ್ಥದಲ್ಲಿ. ಈಗ ಅದನ್ನು ಮರಗಳಿರುವ ಹುಲ್ಲುನಾಡಿಗೇ ಬಳಸುತ್ತೇವೆ. ಹೆಚ್ಚಿನ ಹೆಸರುಗಳು ದೂರದಿಂದ ಕಂಡದ್ದನ್ನು ಹೇಳುತ್ತವೆ. ಸಮತಟ್ಟು, ಬಯಲು, ಖಾಲಿ. ನೆಲದೊಳಗೆ ಏನಿದೆ ಅನ್ನುವುದು ಹೆಸರಿನಲ್ಲಿ ಬರುವುದೇ ಇಲ್ಲ.

ಪ್ರೇರಿಯ ಕತೆ ನನ್ನನ್ನು ಬಹಳ ಕಾಲ ಹಿಡಿದಿಟ್ಟುಕೊಂಡಿತು. ಪಶ್ಚಿಮದಲ್ಲಿ ರಾಕಿ ಪರ್ವತಗಳು ಮಳೆಮೋಡಗಳನ್ನು ತಡೆಯುತ್ತವೆ. ಅವುಗಳ ಬುಡದಲ್ಲಿ ಮಳೆ ಕಡಿಮೆ, ಹುಲ್ಲು ಪಾದ ಮುಚ್ಚುವಷ್ಟೇ. ಪೂರ್ವಕ್ಕೆ ಹೋದ ಹಾಗೆ ಮಳೆ ಹೆಚ್ಚುತ್ತದೆ, ಹುಲ್ಲೂ ಏರುತ್ತದೆ. ಕೊನೆಗೆ ಆಳನ್ನು ಮುಚ್ಚುವ ಎತ್ತರದ ಹುಲ್ಲು. ಅಲ್ಲಿಯ ಬಿಗ್ ಬ್ಲೂಸ್ಟೆಮ್ ಎಂಬ ಹುಲ್ಲು ಮೇಲೆ ಎರಡು ಮೀಟರ್ ಬೆಳೆದರೆ ಕೆಳಗೆ ಬೇರೂ ಅಷ್ಟೇ ಆಳಕ್ಕೆ, ಕೆಲವೊಮ್ಮೆ ಅದಕ್ಕಿಂತ ಆಳಕ್ಕೆ ಇಳಿಯುತ್ತದೆ. ಕಾಡಿನಲ್ಲಿ ನಾವು ತಲೆಯೆತ್ತಿ ನೋಡುತ್ತೇವೆ. ಇಲ್ಲಿ ನೋಡಬೇಕಾದದ್ದೆಲ್ಲ ಕಾಲ ಕೆಳಗಿದೆ. ಪ್ರತಿ ವರ್ಷ ಆ ಬೇರುಗಳಲ್ಲಿ ಒಂದಷ್ಟು ಸತ್ತು ಮಣ್ಣಾಗುತ್ತವೆ, ಹೊಸವು ಬರುತ್ತವೆ. ಸಾವಿರಾರು ವರ್ಷ ಇದೇ ನಡೆದು ಮಣ್ಣು ಕಪ್ಪಗೆ, ದಪ್ಪಗೆ ಆಯಿತು.

ಅದೇ ಅದಕ್ಕೆ ಮುಳುವಾಯಿತು. ಮೊದಮೊದಲು ಬಂದ ವಲಸಿಗರ ನೇಗಿಲಿಗೆ ಆ ಬೇರಿನ ಹಾಸು ಜಗ್ಗಲಿಲ್ಲ. ಜಿಗುಟು ಮಣ್ಣು ಎರಕದ ಕಬ್ಬಿಣಕ್ಕೆ ಮೆತ್ತಿಕೊಳ್ಳುತ್ತಿತ್ತು. 1837ರಲ್ಲಿ ಜಾನ್ ಡಿಯರ್ ಎಂಬ ಕಮ್ಮಾರ ನುಣುಪಾದ ಉಕ್ಕಿನ ನೇಗಿಲು ಮಾಡಿದ. ಮಣ್ಣು ತಾನಾಗಿ ಜಾರಿ ಬೀಳತೊಡಗಿತು. ಎತ್ತರದ ಹುಲ್ಲಿನ ಪ್ರೇರಿ ಒಂದು ಕಾಲಕ್ಕೆ ಸುಮಾರು 17 ಕೋಟಿ ಎಕರೆ ಇತ್ತು. ಈಗ ನೂರರಲ್ಲಿ ನಾಲ್ಕು ಪಾಲೂ ಉಳಿದಿಲ್ಲ. ಅಯೋವಾ ರಾಜ್ಯದಲ್ಲಿ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಉಳಿದ ಚೂರುಗಳು ಎಲ್ಲಿವೆ ಗೊತ್ತೇ? ರೈಲು ಹಳಿಗಳ ಅಂಚಿನಲ್ಲಿ. ಆ ವಲಸಿಗರನ್ನೇ ಹೂಳಿದ ಹಳೆಯ ಸ್ಮಶಾನಗಳಲ್ಲಿ. ಸಮಾಧಿಗಳ ನಡುವೆ ಯಾರೂ ನೇಗಿಲು ಹೂಡಲಿಲ್ಲ, ಅದಕ್ಕೆ. ದೊಡ್ಡ ತುಂಡು ಉಳಿದಿರುವುದು ಕ್ಯಾನ್ಸಾಸ್‌ನ ಫ್ಲಿಂಟ್ ಹಿಲ್ಸ್‌ನಲ್ಲಿ. ಅಲ್ಲಿ ಮಣ್ಣು ತೆಳು, ಕೆಳಗೆ ಗಟ್ಟಿ ಚಕಮಕಿ ಕಲ್ಲು. ನೇಗಿಲು ಮುರಿಯಿತು, ಹುಲ್ಲು ಬದುಕಿತು. ಕಲ್ಲೇ ಅಲ್ಲಿಯ ಕೊನೆಯ ಕಾವಲು.

ಅದಕ್ಕೂ ಮೊದಲಿನ ಕಾವಲುಗಾರರು ಬೆಂಕಿ ಮತ್ತು ಬೈಸನ್ ಎಂಬ ದೊಡ್ಡ ಕಾಡುದನ. ಮಿಂಚಿನಿಂದ ಹತ್ತುತ್ತಿದ್ದ ಬೆಂಕಿ ಇತ್ತು. ಅಲ್ಲಿಯ ಮೂಲನಿವಾಸಿಗಳು ತಿಳಿದೇ ಹಚ್ಚುತ್ತಿದ್ದ ಬೆಂಕಿಯೂ ಇತ್ತು. ಸುಟ್ಟ ಜಾಗದಲ್ಲಿ ಎಳೆ ಹುಲ್ಲು ಬರುತ್ತಿತ್ತು, ಬೈಸನ್ ಹಿಂಡು ಅಲ್ಲಿಗೆ ಬರುತ್ತಿತ್ತು. ಮೂರು ಕೋಟಿಯಿಂದ ಆರು ಕೋಟಿ ಬೈಸನ್ ಇದ್ದವು ಎನ್ನುತ್ತಾರೆ. 1880ರ ದಶಕ ಮುಗಿಯುವ ಹೊತ್ತಿಗೆ ಒಂದು ಸಾವಿರವೂ ಇರಲಿಲ್ಲ. ಬೈಸನ್ ಹೋದರೆ ಹುಲ್ಲಿಗೇನು ಅಂತ ಕೇಳಬಹುದು. ಫ್ಲಿಂಟ್ ಹಿಲ್ಸ್‌ನಲ್ಲಿರುವ ಕೊನ್ಜಾ ಪ್ರೇರಿ ಎಂಬ ಸಂಶೋಧನಾ ತಾಣದಲ್ಲಿ ಅದನ್ನು ದಶಕಗಳಿಂದ ನೋಡುತ್ತಾ ಬಂದಿದ್ದಾರೆ. ಬೆಂಕಿ ತಡೆದ ಕಡೆ ಪೊದೆ ಬಂತು, ಆಮೇಲೆ ಜುನಿಪರ್ ಮರಗಳು ಬಂದು ಹುಲ್ಲು ಹೋಯಿತು. ಬೈಸನ್ ವಾಪಸ್ ಬಿಟ್ಟ ಕಡೆ ಸಸ್ಯಗಳ ಬಗೆ ಎರಡು ಪಟ್ಟಾಯಿತು. ಬೈಸನ್ ಜಾಸ್ತಿ ಮೇಯುವುದು ದೊಡ್ಡ ಹುಲ್ಲನ್ನು. ಅದು ತಗ್ಗಿದಾಗ ನಡುವೆ ಸಣ್ಣಪುಟ್ಟ ಹೂಗಿಡಗಳಿಗೆ ಬಿಸಿಲು ಸಿಗುತ್ತದೆ.

ಹುಲ್ಲು ಕಿತ್ತ ನೆಲ ಏನಾಗುತ್ತದೆ ಅನ್ನುವುದಕ್ಕೂ ಅದೇ ದೇಶದಲ್ಲಿ ಉತ್ತರ ಸಿಕ್ಕಿತು. ಒಣ ಬಯಲುಗಳನ್ನೂ ಉತ್ತು ಗೋಧಿ ಬಿತ್ತಿದ್ದರು. 1930ರ ದಶಕದಲ್ಲಿ ಬರ ಬಂದಾಗ ಹಿಡಿದಿಡುವ ಬೇರಿಲ್ಲದೆ ಮಣ್ಣು ಎದ್ದಿತು. 1935ರ ಏಪ್ರಿಲ್ 14ರಂದು ಎದ್ದ ಧೂಳಿಗೆ ನಡುಹಗಲೇ ಕತ್ತಲಾಯಿತು. ಇಷ್ಟಾದರೂ 1954ರಲ್ಲಿ ಸೋವಿಯತ್ ಒಕ್ಕೂಟ ಕಜಾಕ್‌ಸ್ತಾನದ ಸ್ಟೆಪ್ಪಿ ಎಂಬ ಹುಲ್ಲುಬಯಲನ್ನು ದೊಡ್ಡ ಪ್ರಮಾಣದಲ್ಲಿ ಉಳಲು ಹೊರಟಿತು. ಮೊದಲು ಒಳ್ಳೆಯ ಫಸಲು ಬಂತು. ಹತ್ತು ವರ್ಷದೊಳಗೆ ಅಲ್ಲೂ ಗಾಳಿ ಮಣ್ಣನ್ನು ಹೊತ್ತುಕೊಂಡು ಹೋಯಿತು.

ಸ್ಟೆಪ್ಪಿಯ ಹೆಸರು ಹೇಳಿದರೆ ನನಗೆ ಮೊದಲು ನೆನಪಾಗುವುದು ಚಳಿ. ಹಂಗೇರಿಯಿಂದ ಮಂಚೂರಿಯಾವರೆಗೆ ಸುಮಾರು ಎಂಟು ಸಾವಿರ ಕಿಲೋಮೀಟರ್ ಉದ್ದದ ಹುಲ್ಲಿನ ಪಟ್ಟಿ ಅದು. ಅಲ್ಲಿ ಮರವನ್ನು ತಡೆಯುವುದು ಮುಖ್ಯವಾಗಿ ಹವೆಯೇ. ಸಾಕಷ್ಟು ಮಳೆ ಇಲ್ಲ, ಚಳಿಗಾಲ ಕ್ರೂರ. ಇಂಥ ನೆಲದಲ್ಲಿ ಓಡಾಡುವ ಸೈಗಾ ಎಂಬ ಜಿಂಕೆಗೆ ಉಬ್ಬಿ ಕೆಳಗಿಳಿದ ವಿಚಿತ್ರ ಮೂಗು. ಬೇಸಿಗೆಯ ಧೂಳನ್ನು ಸೋಸಿ, ಚಳಿಗಾಲದ ಗಾಳಿಯನ್ನು ಬೆಚ್ಚಗೆ ಮಾಡಿ ಒಳಗೆ ಬಿಡುವ ಮೂಗು ಅದು. 2015ರ ಮೇ ತಿಂಗಳಲ್ಲಿ ಕಜಾಕ್‌ಸ್ತಾನದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸೈಗಾಗಳು ಕೆಲವೇ ವಾರಗಳಲ್ಲಿ ಬ್ಯಾಕ್ಟೀರಿಯಾ ಸೋಂಕಿನಿಂದ ಸತ್ತವು. ಮರಿ ಹಾಕಲು ಒಂದೆಡೆ ಸೇರಿದ್ದ ತಾಯಂದಿರು, ಅವುಗಳ ಮರಿಗಳು. ಆ ಚಿತ್ರಗಳನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ. ಇನ್ನು ಈ ಪ್ರಾಣಿ ಮುಗಿಯಿತು ಅಂದುಕೊಂಡಿದ್ದೆ. ಆದರೆ ಬಯಲು ದೊಡ್ಡದಿತ್ತು, ಬೇಟೆಗೆ ಕಾವಲಿತ್ತು. 2022ರ ಹೊತ್ತಿಗೆ ಅಲ್ಲಿ ಅವುಗಳ ಸಂಖ್ಯೆ 13 ಲಕ್ಷ ದಾಟಿತು. ಜಾಗ ಉಳಿದಿದ್ದರೆ ಜೀವ ಎಷ್ಟು ಬೇಗ ಮರಳುತ್ತದೆ ಅನ್ನುವುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಗೊತ್ತಿಲ್ಲ.

ಸವನ್ನಾದ ವಿಷಯ ಬೇರೆ. ಅಲ್ಲಿ ಮರ ಬೆಳೆಯುವಷ್ಟು ಮಳೆ ಬೀಳುವ ಜಾಗಗಳೂ ಇವೆ. ಆದರೂ ಕಾಡು ಮುಚ್ಚಿಕೊಳ್ಳುವುದಿಲ್ಲ. ಮರಗಳು ದೂರ ದೂರ ನಿಂತಿರುತ್ತವೆ, ನಡುವೆ ಬಿಸಿಲು ನೆಲದವರೆಗೆ ಬರುತ್ತದೆ, ಆ ಬಿಸಿಲಿನಲ್ಲಿ ಹುಲ್ಲು. ಬಿಸಿ ನಾಡಿನ ಹೆಚ್ಚಿನ ಹುಲ್ಲುಗಳಿಗೆ ನೆರಳು ಆಗಿಬರುವುದಿಲ್ಲ. ಮಳೆಗಾಲದಲ್ಲಿ ಬೆಳೆದ ಹುಲ್ಲು ಬೇಸಿಗೆಗೆ ಒಣಗುತ್ತದೆ, ಬೆಂಕಿ ಹಿಡಿಯುತ್ತದೆ, ಮರದ ಸಸಿಗಳನ್ನು ಸುಟ್ಟು ಕೆಳಗೆ ತರುತ್ತದೆ. ಮತ್ತೆ ಮಳೆ, ಮತ್ತೆ ಹುಲ್ಲು. ಇದನ್ನು ಬಹಳ ಜನ ‘ಹಾಳಾದ ಕಾಡು’ ಎಂದುಕೊಂಡರು. ಮೊದಲು ಇಲ್ಲಿ ಕಾಡಿತ್ತು, ಮನುಷ್ಯ ಕಡಿದು ಸುಟ್ಟ ಮೇಲೆ ಹುಲ್ಲು ಉಳಿಯಿತು ಎಂದು. ಕೆಲವು ಕಡೆ ಅದು ನಿಜವೂ ಹೌದು. ಆದರೆ ಎಷ್ಟೋ ಸವನ್ನಾಗಳು ಮನುಷ್ಯನಿಗಿಂತ ಹಳೆಯವು. ಅಲ್ಲಿಯ ಗಿಡಗಳೇ ಅದನ್ನು ಹೇಳುತ್ತವೆ.

ಆಫ್ರಿಕಾದ ಸವನ್ನಾಗಳಲ್ಲಿ ನೆಲದೊಳಗೆ ಬೆಳೆಯುವ ಮರಗಳಿವೆ. ನಾನು ಇದನ್ನು ಮೊದಲ ಸಲ ಓದಿದಾಗ ಎರಡು ಸಲ ಓದಿದೆ. ಕಾಂಡ, ಕೊಂಬೆ ಎಲ್ಲ ಮಣ್ಣಿನ ಕೆಳಗೆ ಅಡ್ಡಡ್ಡ ಹರಡಿರುತ್ತವೆ. ಮೇಲೆ ಕಾಣುವುದು ಗೇಣುದ್ದದ ಚಿಗುರು, ಎಲೆ, ಹೂವು ಮಾತ್ರ. ಬೆಂಕಿ ಬಂದರೆ ಎಲೆ ಸುಡುತ್ತದೆ, ಮರ ಬದುಕುತ್ತದೆ. ಪಕ್ಕದ ಕಾಡಿನಲ್ಲಿ ಇವುಗಳ ನೆಂಟರು ಎತ್ತರದ ಮರಗಳಾಗಿ ನಿಂತಿರುತ್ತಾರೆ. ಬ್ರೆಜಿಲ್‌ನ ಸೆರ್ರಾಡೊದಲ್ಲೂ ಹೀಗೆಯೇ. ಸುಮಾರು 20 ಲಕ್ಷ ಚದರ ಕಿಲೋಮೀಟರಿನ ಆ ಸವನ್ನಾವನ್ನು ತಲೆಕೆಳಗಾದ ಕಾಡು ಅಂತಲೇ ಕರೆಯುತ್ತಾರೆ. ಒಂದು ಮರ ಮಣ್ಣಿನೊಳಗೆ ಮಲಗಲು ಕಲಿಯಬೇಕಾದರೆ ಎಷ್ಟು ಲಕ್ಷ ವರ್ಷ ಬೇಕು! ನಿನ್ನೆ ಮೊನ್ನೆ ಹಾಳಾದ ಕಾಡಿನಲ್ಲಿ ಇಂಥದ್ದು ಹುಟ್ಟುವುದಿಲ್ಲ. ಆ ಸೆರ್ರಾಡೊದ ಅರ್ಧದಷ್ಟು ಈಗ ಸೋಯಾ ಹೊಲವೋ ದನದ ಹುಲ್ಲುತೋಟವೋ ಆಗಿದೆ. ಪಕ್ಕದ ಅಮೆಜಾನ್‌ಗೆ ಬೆಂಕಿ ಬಿದ್ದರೆ ಜಗತ್ತು ಮಿಡಿಯುತ್ತದೆ. ಇದಕ್ಕೆ ಅಷ್ಟು ಮಿಡಿಯುವುದಿಲ್ಲ. ನನಗೆ ಇದು ನಿಜಕ್ಕೂ ನೋವಿನ ವಿಷಯ.

ಪೂರ್ವ ಆಫ್ರಿಕಾದ ಸೆರೆಂಗೆಟಿ ಬಯಲನ್ನು ಟಿವಿಯಲ್ಲಿ ಎಲ್ಲರೂ ನೋಡಿರುತ್ತಾರೆ. ವೈಲ್ಡ್‌ಬೀಸ್ಟ್ ಎಂಬ ದನದಂಥ ಜಿಂಕೆಗಳು ನದಿ ದಾಟುವುದು, ಮೊಸಳೆ ಬಾಯಿ ಹಾಕುವುದು. ನನಗೆ ಅದಕ್ಕಿಂತ ಹೆಚ್ಚು ಇಷ್ಟವಾದದ್ದು ಅವು ಮೇಯುವ ಸರದಿ. ಮೊದಲು ಜೀಬ್ರಾಗಳು ಬಂದು ಉದ್ದದ ಒರಟು ದಂಟುಗಳನ್ನು ತಿನ್ನುತ್ತವೆ. ಆಮೇಲೆ ವೈಲ್ಡ್‌ಬೀಸ್ಟ್ ಬಂದು ಎಲೆ ಮೇಯುತ್ತವೆ. ಕೊನೆಗೆ ಥಾಮ್ಸನ್ ಗಸೆಲ್ ಎಂಬ ಪುಟ್ಟ ಜಿಂಕೆ, ತಗ್ಗಿದ ಹುಲ್ಲಿನ ನಡುವೆ ಬಂದ ಎಳೆ ಚಿಗುರನ್ನು ಆರಿಸಿ ತಿನ್ನುತ್ತದೆ. ಒಂದೇ ತಟ್ಟೆ, ಮೂರು ಪಂಕ್ತಿ.

ಈ ಬಯಲಿನ ಕಾವಲು ಒಮ್ಮೆ ತಪ್ಪಿತ್ತು. 1890ರ ಸುಮಾರಿಗೆ ರಿಂಡರ್‌ಪೆಸ್ಟ್ ಎಂಬ ದನಗಳ ವೈರಸ್ ರೋಗ ಪೂರ್ವ ಆಫ್ರಿಕಾವನ್ನು ಹೊಕ್ಕಿತು. ಸಾಕಿದ ದನಗಳು ಸತ್ತವು, ದನಗಾಹಿಗಳು ಹಸಿವಿನಿಂದ ಸತ್ತರು, ಕಾಡಿನ ಎಮ್ಮೆ, ವೈಲ್ಡ್‌ಬೀಸ್ಟ್‌ಗಳೂ ಸತ್ತವು. ಮುಂದೆ ದಶಕಗಟ್ಟಲೆ ಆ ರೋಗ ಅಲ್ಲೇ ಉಳಿಯಿತು. 1950ರ ದಶಕದಲ್ಲಿ ಸುತ್ತಲಿನ ದನಗಳಿಗೆ ಲಸಿಕೆ ಹಾಕತೊಡಗಿದ ಮೇಲೆ, 1960ರ ದಶಕದ ಆರಂಭಕ್ಕೆ ಕಾಡುಪ್ರಾಣಿಗಳಲ್ಲೂ ರೋಗ ನಿಂತಿತು. 1961ರಲ್ಲಿ ಎರಡೂವರೆ ಲಕ್ಷದ ಆಸುಪಾಸಿನಲ್ಲಿದ್ದ ವೈಲ್ಡ್‌ಬೀಸ್ಟ್‌ಗಳು 1970ರ ದಶಕ ಮುಗಿಯುವುದರೊಳಗೆ 13 ಲಕ್ಷ ಮುಟ್ಟಿದವು. ಅಷ್ಟು ಬಾಯಿಗಳು ಮೇಯ್ದ ಮೇಲೆ ಬೇಸಿಗೆಯಲ್ಲಿ ಉರಿಯಲು ಹುಲ್ಲೇ ಉಳಿಯಲಿಲ್ಲ. ಬೆಂಕಿ ಕಡಿಮೆಯಾಯಿತು. ಬೆಂಕಿ ಕಡಿಮೆಯಾದ್ದರಿಂದ ಮರಗಳು ಹೆಚ್ಚಾದವು. ದನಕ್ಕೆ ಚುಚ್ಚಿದ ಸೂಜಿ, ಬಯಲಿನಲ್ಲಿ ಎಷ್ಟು ಮರ ಇರಬೇಕು ಎನ್ನುವುದನ್ನು ಬದಲಿಸಿತು. ಬಾಯಿ ಮತ್ತು ಬೆಂಕಿ ಎರಡೂ ಕಾವಲುಗಾರರೇ. ಆದರೆ ಒಬ್ಬ ಬಂದರೆ ಇನ್ನೊಬ್ಬ ಹಿಂದೆ ಸರಿಯುತ್ತಾನೆ. ನಾನು ಮೊದಲು ಅಂದುಕೊಂಡಷ್ಟು ಸರಳವಾಗಿಲ್ಲ ಈ ಲೆಕ್ಕ. ರಿಂಡರ್‌ಪೆಸ್ಟ್ 2011ರಲ್ಲಿ ಜಗತ್ತಿನಿಂದಲೇ ಹೋಯಿತು. ಸಿಡುಬಿನ ನಂತರ ಮನುಷ್ಯ ಪೂರ್ತಿ ಅಳಿಸಿದ ಎರಡನೇ ರೋಗ ಅದು.

ನೀರೇ ಕಾವಲಾಗಿರುವ ಹುಲ್ಲುಗಳೂ ಇವೆ. ಹಿಮಾಲಯದ ಬುಡದ ತರಾಯಿಯಲ್ಲಿ, ಬ್ರಹ್ಮಪುತ್ರದ ದಂಡೆಯಲ್ಲಿ ಪ್ರತಿ ಮಳೆಗಾಲ ನದಿ ಉಕ್ಕಿ ಹೊಸ ಮಣ್ಣು ತಂದು ಸುರಿಯುತ್ತದೆ. ಮರ ನೆಲೆಯೂರುವ ಮೊದಲೇ ನೆಲ ಬದಲಾಗಿರುತ್ತದೆ. ಅಲ್ಲಿ ಹುಲ್ಲು ಆನೆಯನ್ನೂ ಮುಚ್ಚುತ್ತದೆ. ಅದರೊಳಗೆ ಘೇಂಡಾಮೃಗವೂ ಇದೆ, ಒಂದು ಗೇಣಿಗಿಂತ ಸ್ವಲ್ಪ ಎತ್ತರದ ಪಿಗ್ಮಿ ಹಂದಿಯೂ ಇದೆ. ದಕ್ಷಿಣ ಅಮೆರಿಕದ ಯಾನೋಸ್ ಬಯಲು ಅರ್ಧ ವರ್ಷ ನೀರಿನಲ್ಲಿ ನಿಂತು ಇನ್ನರ್ಧ ವರ್ಷ ಬಿರುಕು ಬಿಡುತ್ತದೆ. ಎರಡನ್ನೂ ತಾಳಿಕೊಳ್ಳುವ ಮರಗಳು ಕೆಲವೇ.

ಎತ್ತರದ ಬೆಟ್ಟಗಳಲ್ಲಿ ಕಾವಲು ರಾತ್ರಿಯದು. ನೀಲಗಿರಿಯ ನೆತ್ತಿಯಲ್ಲಿ ಶೋಲಾ ಕಾಡು ಕಣಿವೆಯ ಮಡಿಲಲ್ಲಿ ಮುದುಡಿ ಕೂತಿರುತ್ತದೆ, ಸುತ್ತ ಇಳಿಜಾರುಗಳಲ್ಲೆಲ್ಲ ಹುಲ್ಲು. ತೆರೆದ ಹುಲ್ಲಿನ ಮೇಲೆ ಚಳಿಗಾಲದ ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತದೆ. ಕಾಡಿನಿಂದ ಹೊರಗೆ ಕಾಲಿಟ್ಟ ಮರದ ಸಸಿ ಅದನ್ನು ತಾಳುವುದಿಲ್ಲ. ಅಲ್ಲಿಯ ಜೌಗು ನೆಲದ ಪೀಟ್ ಎಂಬ, ಅರ್ಧ ಕೊಳೆತ ಗಿಡಗಳ ಪದರಗಳನ್ನು ಬಗೆದು ನೋಡಿದಾಗ 20 ಸಾವಿರ ವರ್ಷಗಳ ಹಿಂದೆಯೂ ಅಲ್ಲಿ ಹುಲ್ಲು ಇದ್ದದ್ದು ಗೊತ್ತಾಯಿತು. ಬ್ರಿಟಿಷರ ಕಣ್ಣಿಗೆ ಮಾತ್ರ ಅದು ಮರ ನೆಡಲು ಕಾದಿರುವ ಖಾಲಿ ಜಾಗ. ಆಸ್ಟ್ರೇಲಿಯಾದಿಂದ ತಂದ ಅಕೇಶಿಯಾ, ನೀಲಗಿರಿ ಮರಗಳನ್ನು ನೆಟ್ಟರು. ಸ್ವಾತಂತ್ರ್ಯ ಬಂದ ಮೇಲೂ ನೆಡುವುದು ಮುಂದುವರಿಯಿತು. ಆ ಮರಗಳಿಗೆ ಹೆಪ್ಪುಗಟ್ಟಿದ ಇಬ್ಬನಿ ತಡೆಯಾಗಲಿಲ್ಲ. ಹುಲ್ಲಿನ ಇಳಿಜಾರುಗಳನ್ನೇ ನಂಬಿಕೊಂಡ ನೀಲಗಿರಿ ಥಾರ್ ಎಂಬ ಕಾಡು ಮೇಕೆಗೆ ಜಾಗ ಕಡಿಮೆಯಾಯಿತು.

ಕಚ್‌ನ ಬನ್ನಿ ಹುಲ್ಲುಗಾವಲಿನದೂ ಇಂಥದ್ದೇ ಕತೆ. ಸುಮಾರು ಎರಡೂವರೆ ಸಾವಿರ ಚದರ ಕಿಲೋಮೀಟರಿನ ಬಯಲು, ಎಮ್ಮೆ ಮೇಯಿಸುವ ಮಾಲ್ಧಾರಿಗಳ ನೆಲೆ. ಉಪ್ಪು ಮರುಭೂಮಿ ಮುಂದೆ ಬರದಂತೆ ತಡೆಯಲು 1961ರಿಂದ ಅಲ್ಲಿ ನಾವು ಬಳ್ಳಾರಿ ಜಾಲಿ ಎನ್ನುವ ಮರವನ್ನು ಹಾಕಿದರು. ಎಮ್ಮೆಗಳು ಅದರ ಸಿಹಿ ಕಾಯಿ ತಿಂದು ಬೀಜವನ್ನು ಎಲ್ಲೆಡೆ ಹರಡಿದವು. ಬಯಲಿನ ದೊಡ್ಡ ಭಾಗ ಮುಳ್ಳಿನಿಂದ ಮುಚ್ಚಿತು. ಅಲ್ಲಿಯವರು ಅದನ್ನು ಗಾಂಡೋ ಬಾವಳ ಎನ್ನುತ್ತಾರೆ. ಹುಚ್ಚು ಜಾಲಿ.

ಇಷ್ಟೆಲ್ಲದರ ಹಿಂದೆ ಇರುವುದು ಒಂದು ಪದ. ಬಂಜರು, ಬೀಳು, ಪಾಳು. ಸರ್ಕಾರಿ ಕಡತದಲ್ಲಿ ‘ವೇಸ್ಟ್‌ಲ್ಯಾಂಡ್’. ಬ್ರಿಟಿಷರಿಗೆ ಕಂದಾಯ ಬಾರದ ನೆಲವೆಲ್ಲ ವೇಸ್ಟ್ ಆಗಿತ್ತು. ಆ ಪದ ಅವರ ಜೊತೆ ಹೋಗಲಿಲ್ಲ. ಎಷ್ಟೋ ಹುಲ್ಲುಗಾವಲುಗಳು ಇವತ್ತಿಗೂ ನಕ್ಷೆಗಳಲ್ಲಿ ಅದೇ ಹೆಸರಿನ ಕೆಳಗೆ ಬರುತ್ತವೆ. ಕೃಷ್ಣಮೃಗ, ತೋಳ ಅಲ್ಲಿರುತ್ತವೆ. ಈಗ ನೂರೈವತ್ತೂ ಉಳಿದಿಲ್ಲ ಎನ್ನುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ ಅಲ್ಲೇ ನೆಲದ ಮೇಲೆ, ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಮರ ನೆಟ್ಟರೆ ಅದಕ್ಕೆ ಒಳ್ಳೆಯದಾಗುವುದಿಲ್ಲ. ದೂರದವರೆಗೆ ಕಣ್ಣು ಹಾಯಬೇಕು ಅದಕ್ಕೆ.

ಮರಗಳ ಮೇಲೆ ನನಗೆ ಕೋಪವಿಲ್ಲ. ಕಾಡು ಕಡಿದ ಜಾಗದಲ್ಲಿ ಕಾಡು ಮರಳಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಡೇ ಇರದಿದ್ದ ಜಾಗದಲ್ಲಿ ಕಾಡು ಮಾಡಲು ಹೊರಟಾಗ ಮೊದಲಿದ್ದದ್ದನ್ನು ಸಾಯಿಸಿಯೇ ಮಾಡುತ್ತೇವೆ. ಇಂಗಾಲದ ಲೆಕ್ಕ ಹೇಳುವವರಿಗೂ ಒಂದು ಮಾತು. ಹುಲ್ಲುಗಾವಲು ತನ್ನ ಇಂಗಾಲವನ್ನು ಬಹುಪಾಲು ಮಣ್ಣಿನೊಳಗೆ ಇಟ್ಟಿರುತ್ತದೆ. ಮೇಲೆ ಬೆಂಕಿ ಹಾದರೂ ಅದು ಅಲ್ಲೇ ಇರುತ್ತದೆ. ಗುಂಡಿ ತೋಡಿದಾಗ, ಉತ್ತಾಗ ಹೊರಗೆ ಬರುತ್ತದೆ.

ಮನುಷ್ಯ ಕಾದ ಹುಲ್ಲುಗಳನ್ನೂ ಮರೆಯಬಾರದು. ಯೂರೋಪಿನಲ್ಲಿ ಒಣಹುಲ್ಲಿಗಾಗಿ ವರ್ಷಕ್ಕೊಮ್ಮೆ ಕೊಯ್ಯುವ ಹುಲ್ಲುಬಯಲುಗಳಿವೆ. ಅಲ್ಲಿ ಕಾಡೇ ಬರಬೇಕಾದ ಹವೆ. ನೂರಾರು ವರ್ಷ ತಪ್ಪದೆ ಬಿದ್ದ ಉದ್ದ ಹಿಡಿಯ ಕುಡುಗೋಲು ಅದನ್ನು ಹುಲ್ಲಾಗಿಯೇ ಇಟ್ಟಿದೆ. ಎಸ್ಟೋನಿಯಾದ ಲಾಯೆಲಾಟು ಎಂಬಲ್ಲಿ ಒಂದೇ ಒಂದು ಚದರ ಮೀಟರಿನಲ್ಲಿ 76 ಬಗೆಯ ಸಸ್ಯಗಳನ್ನು ಎಣಿಸಿದ್ದಾರೆ. ಅರ್ಜೆಂಟೀನಾದ ಬೆಟ್ಟದ ಹುಲ್ಲಿನಲ್ಲಿ 89. ಅಷ್ಟು ಚಿಕ್ಕ ಜಾಗದಲ್ಲಿ ಮಳೆಕಾಡಿನಲ್ಲೂ ಅಷ್ಟು ಬಗೆ ಸಿಗುವುದಿಲ್ಲ.

ಆ ವೈವಿಧ್ಯ ಎಷ್ಟು ಸೂಕ್ಷ್ಮ ಅನ್ನುವುದನ್ನು ತೋರಿಸಿದ್ದು ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನ ಒಂದು ಪ್ರಯೋಗ. 1856ರಲ್ಲಿ ಶುರುವಾದದ್ದು ಇಂದಿಗೂ ನಡೆಯುತ್ತಿದೆ. ಒಂದು ಹುಲ್ಲುಬಯಲನ್ನು ಪಟ್ಟಿ ಪಟ್ಟಿ ಮಾಡಿ ಒಂದೊಂದಕ್ಕೂ ಬೇರೆ ಬೇರೆ ಗೊಬ್ಬರ ಹಾಕಿದರು. ಯಾವ ಗೊಬ್ಬರದಿಂದ ಹುಲ್ಲು ಹೆಚ್ಚು ಬರುತ್ತದೆ ಎಂದು ನೋಡುವುದಷ್ಟೇ ಉದ್ದೇಶ. ಹೆಚ್ಚು ಬಂದೇ ಬಂತು. ಜೊತೆಗೆ ಇನ್ನೊಂದು ಆಯಿತು. ಏನೂ ಹಾಕದೆ ಬಿಟ್ಟ ಪಟ್ಟಿಯಲ್ಲಿ ಇಂದಿಗೂ ಮೂವತ್ತೈದಕ್ಕೂ ಹೆಚ್ಚು ಬಗೆಯ ಸಸ್ಯಗಳಿವೆ. ಅಮೋನಿಯಂ ಗೊಬ್ಬರ ಜಾಸ್ತಿ ಹಾಕಿದ ಪಟ್ಟಿಯಲ್ಲಿ ಎರಡೋ ಮೂರೋ ಉಳಿದಿವೆ. ಹಸಿರಾಗಿ, ಸೊಂಪಾಗಿ, ನೋಡಲು ಚೆನ್ನಾಗಿಯೇ ಇದೆ ಆ ಪಟ್ಟಿ. ಗಟ್ಟಿಗ ಒಬ್ಬನಿಗೆ ಹೊಟ್ಟೆ ತುಂಬಾ ಹಾಕಿದ್ದರಿಂದ ಉಳಿದವರೆಲ್ಲ ಎದ್ದು ಹೋದರು.

ಇದನ್ನು ಓದಿದ ಮೇಲೆ ನಾನು ಮತ್ತೆ ಆ ಇಳಿಜಾರಿಗೆ ಹೋದೆ. ನೆಟ್ಟ ಸಸಿಗಳಲ್ಲಿ ಹೆಚ್ಚಿನವು ಒಣಗಿದ್ದವು. ಕೆಲವು ಆಳೆತ್ತರ ಬೆಳೆದಿದ್ದವು. ಗುಂಡಿ ತೆಗೆದ ಜಾಗಗಳು ಇನ್ನೂ ಗುರುತು ಸಿಗುತ್ತಿದ್ದವು. ಅಲ್ಲಿ ಮೊದಲಿನ ಹುಲ್ಲು ವಾಪಸ್ ಬಂದಿರಲಿಲ್ಲ, ದಾರಿ ಬದಿಯಲ್ಲಿ ಬರುವಂಥ ಕಳೆ ಬಂದಿತ್ತು. ಹಳೆಯ ಹುಲ್ಲುಗಾವಲನ್ನು ಒಮ್ಮೆ ಕೆದಕಿದರೆ ಅದರ ಬಗೆಬಗೆಯ ಗಿಡಗಳು ಮರಳಲು ನೂರು ವರ್ಷವೂ ಸಾಲದೇ ಹೋಗಬಹುದು ಎಂದು ಅಷ್ಟು ಹೊತ್ತಿಗೆ ನನಗೆ ಗೊತ್ತಿತ್ತು. ನಾನು ಎಷ್ಟು ಗುಂಡಿ ತೆಗೆದಿದ್ದೆ ಎಂದು ನೆನಪು ಮಾಡಿಕೊಂಡೆ.

ಹುರಿಯಿಂದ ಒಂದು ಮೀಟರ್ ಉದ್ದಗಲದ ಚೌಕ ಹಾಕಿ, ಕೆದಕದ ಕಡೆ ಮೊಣಕಾಲೂರಿ ಕೂತು ಎಣಿಸಿದೆ. ಹೆಚ್ಚಿನವುಗಳ ಹೆಸರು ಗೊತ್ತಿರಲಿಲ್ಲ. ಎಲೆಯ ಆಕಾರ, ಕಾಂಡದ ಬಣ್ಣ ನೋಡಿ ಬೇರೆ ಬೇರೆ ಅಂತ ಗುರುತು ಹಾಕಿಕೊಂಡೆ. 23ರವರೆಗೆ ಹೋಯಿತು. ಒಂದು ನೀಲಿ ಹೂವು ಅಕ್ಕಿ ಕಾಳಿಗಿಂತ ಚಿಕ್ಕದಿತ್ತು. ನಿಂತು ನೋಡಿದವರಿಗೆ ಅದು ಕಾಣುವುದೇ ಇಲ್ಲ.

ಎದ್ದಾಗ ಬಟ್ಟೆ ತುಂಬಾ ಹುಲ್ಲಿನ ಬೀಜ ಚುಚ್ಚಿಕೊಂಡಿದ್ದವು. ಚೂಪು ಮೂತಿ, ಹಿಂದೆ ಹುರಿಗೊಳಿಸಿದ ಕಪ್ಪು ಬಾಲ. ಮನೆಗೆ ಬಂದು ಒಂದನ್ನು ಒದ್ದೆ ಬಟ್ಟೆಯ ಮೇಲೆ ಇಟ್ಟೆ. ತೇವ ತಾಗಿದರೆ ಆ ಬಾಲದ ಹುರಿ ಬಿಚ್ಚುತ್ತದೆ, ಒಣಗಿದರೆ ಮತ್ತೆ ಸುತ್ತಿಕೊಳ್ಳುತ್ತದೆ. ಬಿಚ್ಚಿ ಸುತ್ತಿ, ಬಿಚ್ಚಿ ಸುತ್ತಿ, ಬೀಜ ಮಣ್ಣನ್ನು ಕೊರೆದು ಒಳಗಿಳಿಯುತ್ತದೆ, ಮುಂದೆ ಬರುವ ಬೆಂಕಿ ತಲುಪದಷ್ಟು ಆಳಕ್ಕೆ. ಸ್ಟೆಪ್ಪಿಯ ಗರಿಹುಲ್ಲಿನ ಬೀಜವೂ ಹೀಗೇ, ಆಫ್ರಿಕಾದ ಸವನ್ನಾದಲ್ಲೂ ಆಸ್ಟ್ರೇಲಿಯಾದ ಬಯಲಿನಲ್ಲೂ ಇರುವ ಥೆಮೆಡಾ ಹುಲ್ಲಿನದೂ ಹೀಗೇ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಾಲದ ತುದಿ ಗಡಿಯಾರದ ಮುಳ್ಳಿನ ಹಾಗೆ ಮೆಲ್ಲಗೆ ತಿರುಗತೊಡಗಿತು. ನಾನು ದೀಪ ಹತ್ತಿರ ಎಳೆದುಕೊಂಡು ನೋಡುತ್ತಾ ಕೂತೆ.